ಮೇಟಗಳ್ಳಿಯ ಗಾಜು ರಿಪೇರಿ: ಕೆಲಸ ನಿಧಾನ, ವ್ಯಾಕ್ಯೂಮ್ ಗಟ್ಟಿ

ಮೈಸೂರಲ್ಲಿ ಕೆಮಿಸ್ಟ್ರಿ ಲ್ಯಾಬ್ ನಡೆಸುವವರಿಗೆ ಇದು. ಬೇರೆಯವರು ಓದಿದರೂ ನಷ್ಟವೇನಿಲ್ಲ. ಆದರೆ ಮನೆಯ ಒಡೆದ ಟೀಪಾಯಿ ಗಾಜು ಹಿಡಿದುಕೊಂಡು ಅಲ್ಲಿಗೆ ಹೋಗಬೇಡಿ, ಬೈಸಿಕೊಂಡು ಬರುತ್ತೀರಿ. ಮಾರ್ಕ್ಸ್ ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ 5ಕ್ಕೆ 5. ಸಮಯಕ್ಕೆ 5ಕ್ಕೆ 2.

ಮೇಟಗಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಳಗೆ, ಲೇತ್ ಮತ್ತು ವೆಲ್ಡಿಂಗ್ ಶೆಡ್‌ಗಳ ಸಾಲಿನಲ್ಲಿ ಈ ಅಂಗಡಿ ಇದೆ. ಬೋರ್ಡ್ ಇಲ್ಲ. 'ಗಾಜು ಊದೋರು ಎಲ್ಲಿ' ಅಂತ ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ಒಳಗೆ ಯಜಮಾನ್ರು ಮತ್ತು ಅವರ ಅಕ್ಕನ ಮಗ, ಇಬ್ಬರೇ. ಎಲ್‌ಪಿಜಿ ಸಿಲಿಂಡರ್, ಆಕ್ಸಿಜನ್ ಸಿಲಿಂಡರ್, ಒಂದು ಹಳೇ ಗ್ಲಾಸ್ ಲೇತ್, ಮೂಲೆಯಲ್ಲಿ ಇಟ್ಟಿಗೆ ಗೂಡಿನಂಥ ಕರೆಂಟ್ ಓವನ್. ಗೋಡೆ ಪೂರ್ತಿ ಮೊಳೆ, ಮೊಳೆಗೊಂದು ಕಂಡೆನ್ಸರ್. ಕೂರಲು ಒಂದು ಸ್ಟೂಲ್. ಅದರ ಮೇಲೂ ಸಾಮಾನ್ಯವಾಗಿ ಯಾರದ್ದೋ ಫ್ಲಾಸ್ಕ್ ಕೂತಿರುತ್ತದೆ.

ನಾನು ಆರ್ಗ್ಯಾನಿಕ್ ಕೆಮಿಸ್ಟ್. ಗಿಡ, ಬೂಷ್ಟು, ಸಮುದ್ರದ ಜೀವಿಗಳು ತಮ್ಮ ಪಾಡಿಗೆ ತಾವು ಮಾಡಿಕೊಳ್ಳುವ ಅಣುಗಳನ್ನು ಲ್ಯಾಬಿನಲ್ಲಿ ಚೂರು ಚೂರಾಗಿ ಜೋಡಿಸಿ ಕಟ್ಟುವುದು ನನ್ನ ಕಸುಬು. ಟೋಟಲ್ ಸಿಂಥೆಸಿಸ್ ಅನ್ನುತ್ತಾರೆ. ಬೆಂಗಳೂರಲ್ಲಿ ಪಿಎಚ್‌ಡಿ, ಜರ್ಮನಿಯಲ್ಲಿ ಪೋಸ್ಟ್‌ಡಾಕ್, ಹೈದರಾಬಾದಿನ ಒಂದು ಕಂಪನಿಯಲ್ಲಿ ಕೆಲವು ವರ್ಷ, ಈಗ ಇಲ್ಲಿನ ಒಂದು ಕಾಲೇಜಿನಲ್ಲಿ ಪಾಠ ಮತ್ತು ಒಂದು ಚಿಕ್ಕ ಲ್ಯಾಬ್. ಜರ್ಮನಿಯಲ್ಲಿ ನಾನಿದ್ದ ವಿಭಾಗಕ್ಕೆ ಅಂತಲೇ ಸಂಬಳದ ಗ್ಲಾಸ್‌ಬ್ಲೋವರ್ ಒಬ್ಬರಿದ್ದರು. ಕಾಗದದ ಮೇಲೆ ಗೀಚಿ ಕೊಟ್ಟರೆ ಬೇಕಾದ ಆಕಾರ ಕೈಗೆ ಬರುತ್ತಿತ್ತು. ಕಂಪನಿಯಲ್ಲಿ ಒಡೆದದ್ದು ನೇರ ಕಸದ ಡಬ್ಬಕ್ಕೆ, ಸ್ಟೋರಿನಿಂದ ಹೊಸದು. ಕಾಲೇಜಿನಲ್ಲಿ ಒಡೆದರೆ ಇಂಡೆಂಟ್, ಮೂರು ಕೊಟೇಷನ್, ಪರ್ಚೇಸ್ ಕಮಿಟಿ. ಫ್ಲಾಸ್ಕ್ ಬರುವಷ್ಟರಲ್ಲಿ ಅದನ್ನು ಕೇಳಿದ ವಿದ್ಯಾರ್ಥಿ ಪಾಸಾಗಿ ಹೋಗಿರುತ್ತಾನೆ. ಹೀಗಾಗಿ ರಿಪೇರಿ ಮಾಡುವವರು ನಮಗೆ ಬೇಕೇ ಬೇಕು.

ಹಿಂದೆ ಕೆಮಿಸ್ಟ್‌ಗಳೇ ಗಾಜು ಊದುತ್ತಿದ್ದರು. ಒಂದು ವಸ್ತುವಿನಲ್ಲಿ ಇಂಗಾಲ ಎಷ್ಟಿದೆ ಅಂತ ಅಳೆಯಲು 1831ರಲ್ಲಿ ಜರ್ಮನಿಯ ಕೆಮಿಸ್ಟ್ ಲೀಬಿಗ್ ಐದು ಗುಂಡುಗಳ ಒಂದು ಗಾಜಿನ ಉಪಕರಣ ಮಾಡಿದ. ಅವನ ಶಿಷ್ಯರಿಗೂ ಊದುವುದು ಬರಬೇಕಿತ್ತು. ನನ್ನ ವಿದ್ಯಾರ್ಥಿಗಳಿಗೆ ಕೊಳವೆ ಕತ್ತರಿಸಲೂ ಹೆದರಿಕೆ. ಅವರ ತಪ್ಪಲ್ಲ ಬಿಡಿ, ಸಿಲೆಬಸ್‌ನಲ್ಲಿ ಇಲ್ಲ.

ಮೊದಲು ನಾನು ಕೊಟ್ಟಿದ್ದು ಒಂದು ಲೀಟರಿನ ಮೂರು ಕತ್ತಿನ ಆರ್‌ಬಿ ಫ್ಲಾಸ್ಕ್, ಅಂದರೆ ಗುಂಡು ತಳದ್ದು. ಪಕ್ಕದ ಕತ್ತಿನ ಬಿ24 ಜಾಯಿಂಟ್ (ಇನ್ನೊಂದು ಗಾಜನ್ನು ಸಿಕ್ಕಿಸುವ ಬಾಯಿ, 24 ಅದರ ಅಳತೆ) ಮುರಿದಿತ್ತು, ತಳದಲ್ಲಿ ಸ್ಟಾರ್ ಕ್ರ್ಯಾಕ್. ಒಂದು ಚುಕ್ಕೆಯಿಂದ ನಾಲ್ಕೈದು ದಿಕ್ಕಿಗೆ ಹೊರಟ ಕೂದಲೆಳೆಯಷ್ಟು ಬಿರುಕು ಅದು. ನೀರು ಸೋರುವುದಿಲ್ಲ, ಕೆಲವು ಸಲ ಬಿಸಿಯನ್ನೂ ತಡೆಯುತ್ತದೆ. ವ್ಯಾಕ್ಯೂಮ್ ಹಾಕಿದಾಗ ಅದರ ಬಣ್ಣ ಬಯಲಾಗುತ್ತದೆ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಒಂದು ಲೀಟರ್ ಫ್ಲಾಸ್ಕಿನ ಮೈ 500 ಚದರ ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ. ಒಳಗಿನ ಗಾಳಿ ತೆಗೆದರೆ ಹೊರಗಿಂದ ಒಟ್ಟು ಅರ್ಧ ಟನ್ ಒತ್ತುತ್ತಿರುತ್ತದೆ. ಅದೂ ನಮ್ಮ ಮುಖದ ಎದುರಿಗೆ. ಅದಕ್ಕೇ ರಿಪೇರಿ ಅಂದರೆ ಬರೀ ಅಂಟಿಸಿ ಕೊಡುವುದಲ್ಲ.

ಹಿಂದೆ ಬೇರೆ ಊರಿನ ಒಂದು ಅಂಗಡಿಯಿಂದ ಮಾಡಿಸಿದ ಫ್ಲಾಸ್ಕ್ ಶೆಲ್ಫಿನ ಮೇಲೆ ಕೂತಲ್ಲೇ, ರಾತ್ರಿ, ಯಾರೂ ಮುಟ್ಟದೆ ಟಪ್ ಅಂತ ಸೀಳಿತ್ತು. ಬೋರೋಸಿಲಿಕೇಟ್ ಮೈಗೆ ಸಾದಾ ಗಾಜಿನ ಕತ್ತು ಬೆಸೆದಿದ್ದರು. ಬೋರೋಸಿಲಿಕೇಟ್ ಗಾಜು ಒಂದು ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ 3.3 ಪಾಲು ಹಿಗ್ಗುತ್ತದೆ. ಕಿಟಕಿ, ಬಾಟಲಿಗೆ ಬಳಸುವ ಸೋಡಾ ಗಾಜು ಸುಮಾರು 9 ಪಾಲು. ಬೆಸೆಯುವಾಗ ಎರಡೂ ಕರಗಿ ಒಂದಾಗುತ್ತವೆ, ಆರುವಾಗ ಒಂದು ಜಾಸ್ತಿ ಕುಗ್ಗುತ್ತದೆ, ಇನ್ನೊಂದು ಕಡಿಮೆ. ಎಳೆದಾಟ ಒಳಗೇ ಉಳಿಯುತ್ತದೆ.

ಇಲ್ಲಿ ಯಜಮಾನ್ರು ಮೊದಲು ಮಾಡಿದ ಕೆಲಸ ನೋಡಿಯೇ ನನಗೆ ಅರ್ಧ ಧೈರ್ಯ ಬಂತು. ಬೆಂಚಿನ ಮೇಲೆ ಅಗಲ ಬಾಯಿಯ ಬಾಟಲಿಯಲ್ಲಿ ಗ್ಲಿಸರಿನ್ ಇಟ್ಟಿದ್ದಾರೆ. ನನ್ನ ಫ್ಲಾಸ್ಕಿನ ಮುರಿದ ಚೂರನ್ನು ಅದರಲ್ಲಿ ಮುಳುಗಿಸಿದರು. ಚೂರು ಕಣ್ಣಿಗೆ ಕಾಣದಂತೆ ಮಾಯ. ಗ್ಲಿಸರಿನ್ನೂ ಬೋರೋಸಿಲಿಕೇಟ್ ಗಾಜೂ ಬೆಳಕನ್ನು ಹೆಚ್ಚುಕಮ್ಮಿ ಒಂದೇ ಅಳತೆಗೆ ಬಾಗಿಸುತ್ತವೆ, ಎರಡರದ್ದೂ 1.47. ಸೋಡಾ ಗಾಜು 1.52, ಅದಾದರೆ ಅಂಚು ಕಾಣುತ್ತಿತ್ತು. 'ಇದು ನಮ್ದೇ ಗಾಜು, ಆಯ್ತದೆ ಬಿಡಿ ಮೇಡಮ್ನೋರೆ' ಅಂದರು. ಪಾಂಡವಪುರದ ಕಡೆಯವರು, ಮಾತು ಪೂರ್ತಿ ಮಂಡ್ಯದ್ದು. ರಿಫ್ರ್ಯಾಕ್ಟಿವ್ ಇಂಡೆಕ್ಸ್ ಅನ್ನುವ ಪದ ಅವರ ಬಾಯಲ್ಲಿ ನಾನು ಕೇಳಿಲ್ಲ. ಕೇಳಬೇಕಾದ ಅಗತ್ಯವೂ ಬಿದ್ದಿಲ್ಲ.

ಸ್ಟಾರ್ ಕ್ರ್ಯಾಕ್ ಮುಚ್ಚುವುದನ್ನು ನಿಂತು ನೋಡಿದೆ. ಫ್ಲಾಸ್ಕಿನ ಎರಡು ಬಾಯಿಗೆ ಬಿರಡೆ, ಮೂರನೆಯದಕ್ಕೆ ರಬ್ಬರ್ ಟ್ಯೂಬ್, ಟ್ಯೂಬಿನ ಇನ್ನೊಂದು ತುದಿ ಅವರ ಬಾಯಲ್ಲಿ. ಮೊದಲು ಹಳದಿ ಜ್ವಾಲೆಯಲ್ಲಿ ಇಡೀ ಮೈ ಬಿಸಿ ಮಾಡಿದರು. ಆತುರಪಟ್ಟು ಒಂದೇ ಕಡೆ ಬೆಂಕಿ ಹಿಡಿದರೆ ಬಿರುಕು ಓಡಿಬಿಡುತ್ತದೆ. ಆಮೇಲೆ ಆಕ್ಸಿಜನ್ ತಿರುಗಿಸಿ ಚೂಪು ನೀಲಿ ಜ್ವಾಲೆ, ಬಿರುಕಿನ ನಡುವೆ. ಗಾಜು ಕೆಂಪಾಗಿ, ಬೆಳ್ಳಗಾಗಿ, ಜೋಲು ಬಿತ್ತು. ತೆಳ್ಳನೆಯ ಗಾಜಿನ ಕಡ್ಡಿ ಮುಟ್ಟಿಸಿ ಎಳೆದರು, ಬೆಲ್ಲದ ಪಾಕದ ಎಳೆ ಥರ ಬಂತು. ಬಿರುಕು ಇದ್ದ ಗಾಜೆಲ್ಲ ಆ ಎಳೆಯಲ್ಲಿ ಹೊರಗೆ ಹೋಯಿತು. ಉಳಿದ ತೂತಿನ ಸುತ್ತ ಹೊಸ ಗಾಜು ತುಂಬಿ, ಮತ್ತೆ ಕಾಸಿ, ಟ್ಯೂಬಿನಲ್ಲಿ ಒಂದು ಉಸಿರು. ತಳ ಗುಂಡಗೆ ಎದ್ದು ನಿಂತಿತು. ಎಷ್ಟು ಊದಬೇಕು ಅಂತ ಕೆನ್ನೆಗೆ ಗೊತ್ತು.

ಅವರು ಹಾಕಿಕೊಳ್ಳುವ ಕನ್ನಡಕ ನೇರಳೆ ಛಾಯೆಯದು, ಡಿಡಿಮಿಯಂ ಗಾಜು. ಕಾದ ಗಾಜಿನಿಂದ ಏಳುವ ಸೋಡಿಯಂನ ಹಳದಿ ಬೆಳಕನ್ನು, ಅಂದರೆ 589 ನ್ಯಾನೋಮೀಟರಿನದ್ದನ್ನು, ಅದು ನುಂಗಿಬಿಡುತ್ತದೆ. ನನಗೂ ಹಾಕಿಕೊಂಡು ನೋಡಲು ಕೊಟ್ಟರು. ಬರಿಗಣ್ಣಿಗೆ ಬರೀ ಹಳದಿ ಝಳ. ಕನ್ನಡಕ ಹಾಕಿದರೆ ಜ್ವಾಲೆ ಮಾಯವಾಗಿ ಗಾಜಿನ ಅಂಚು ಸ್ಪಷ್ಟ.

ಇಷ್ಟನ್ನು ಬೇರೆಯವರೂ ಮಾಡುತ್ತಾರೆ. ಇಲ್ಲಿನ ವಿಶೇಷ ಇರುವುದು ಓವನ್‌ನಲ್ಲಿ. ಬೆಂಕಿಯಿಂದ ತೆಗೆದ ಗಾಜಿನೊಳಗೆ ಎಳೆತ ಉಳಿದಿರುತ್ತದೆ. ಅದು ಹೋಗಬೇಕಾದರೆ ಮತ್ತೆ ಸುಮಾರು 560 ಡಿಗ್ರಿಗೆ ಕಾಸಿ, ಸ್ವಲ್ಪ ಹೊತ್ತು ಹಿಡಿದು, ನಿಧಾನಕ್ಕೆ ಆರಿಸಬೇಕು. ಅನೀಲಿಂಗ್ ಅನ್ನುತ್ತಾರೆ. ಎಷ್ಟೋ ಕಡೆ ಮಸಿ ಜ್ವಾಲೆಯಲ್ಲಿ ಎರಡು ಸಲ ಸವರಿ 'ಆಯ್ತು' ಅಂತ ಕೊಟ್ಟುಬಿಡುತ್ತಾರೆ. ಚಿಕ್ಕ ಕೊಳವೆಗೆ ಅದು ನಡೆದೀತು, ಒಂದು ಲೀಟರ್ ಫ್ಲಾಸ್ಕಿಗೆ ನಡೆಯುವುದಿಲ್ಲ. ಇವರು ಓವನ್‌ಗೆ ಹಾಕದೆ ಯಾವುದನ್ನೂ ಹೊರಗೆ ಬಿಡುವುದಿಲ್ಲ. ರಾತ್ರಿ ಹಾಕಿದ್ದು ಬೆಳಿಗ್ಗೆ ಮುಟ್ಟುವ ಹಾಗಾಗುತ್ತದೆ.

ತಡವಾಗುವುದೂ ಇಲ್ಲೇ. ಕರೆಂಟ್ ಬಿಲ್ ನೋಡಿ ಓವನ್ ತುಂಬುವವರೆಗೂ ಸ್ವಿಚ್ ಹಾಕುವುದಿಲ್ಲ. ನಿಮ್ಮ ಫ್ಲಾಸ್ಕ್ ಸೋಮವಾರವೇ ರೆಡಿಯಾಗಿ ಕೂತಿರುತ್ತದೆ, ಜೊತೆಗೆ ಬೇಯಲು ಇನ್ನೂ ಹತ್ತು ಸಾಮಾನು ಬರಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ. ಕೈಯಲ್ಲಿ ಬೆಂಕಿ ಇದ್ದಾಗ ಎತ್ತಬಾರದು, ಸರಿ. ಸಂಜೆ ಎತ್ತಬಹುದಲ್ವಾ? ಅದೂ ಇಲ್ಲ. ಅಕ್ಕನ ಮಗನಿಗೆ ವಾಟ್ಸಾಪ್ ಮಾಡಿದರೆ ಹೆಬ್ಬೆರಳು ಬರುತ್ತದೆ. ಹೆಬ್ಬೆರಳು ಅಂದರೆ 'ಆಗಿದೆ' ಅಂತ ಅಲ್ಲ, 'ನೋಡಿದೆ' ಅಂತ.

ವಾಪಸ್ ಬಂದ ಗಾಜನ್ನು ಪರೀಕ್ಷಿಸಲು ಮನೆಯಲ್ಲೇ ದಾರಿ ಇದೆ. ಎಲ್‌ಸಿಡಿ ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆಯಿರಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣೆದುರು ಹಿಡಿದು ತಿರುಗಿಸುತ್ತಾ ಹೋಗಿ, ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಈಗ ಫ್ಲಾಸ್ಕನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿಯಿರಿ. ಎಳೆತ ಉಳಿದಿದ್ದರೆ ಆ ಜಾಗ ಕತ್ತಲಲ್ಲಿ ಬೆಳ್ಳಗೆ ಹೊಳೆಯುತ್ತದೆ. ನನ್ನ ಫ್ಲಾಸ್ಕಿನ ಹೊಸ ಕತ್ತು ಕಪ್ಪಗೇ ಇತ್ತು. ಬೇರೆ ಕಡೆ ಮಾಡಿಸಿದ ಒಂದು ಹಳೇ ಅಡಾಪ್ಟರ್ ಪಕ್ಕಕ್ಕಿಟ್ಟು ನೋಡಿದೆ. ಬೆಸುಗೆಯ ಸುತ್ತ ಉಂಗುರ ಕಟ್ಟಿದ ಹಾಗೆ ಹೊಳಪು. ಅದನ್ನು ಅವತ್ತೇ ಎಸೆದೆ.

ನಿಜವಾದ ಪರೀಕ್ಷೆ ಲ್ಯಾಬಿನಲ್ಲಿ. ನಮ್ಮ ಸಿಂಥೆಸಿಸ್ ಶುರುವಾಗುವುದು ಕಾರ್ವೋನ್‌ನಿಂದ. ಪುದೀನದಲ್ಲಿರುವುದು ಅದರ ಒಂದು ರೂಪ, ಸಬ್ಬಸಿಗೆ ಬೀಜದಲ್ಲಿರುವುದು ಅದರ ಕನ್ನಡಿ ಬಿಂಬ. ಅಣುವಿನಲ್ಲಿ ಬೇರೇನೂ ವ್ಯತ್ಯಾಸವಿಲ್ಲ, ಮೂಗಿಗೆ ಮಾತ್ರ ಎರಡೂ ಬೇರೆ. ಮೊದಲು ಅದನ್ನು ಬಟ್ಟಿ ಇಳಿಸಿ ಶುದ್ಧ ಮಾಡಿಕೊಳ್ಳುತ್ತೇವೆ. ಸುಮ್ನೆ ಕುದಿಸಿದರೆ ಸುಮಾರು 230 ಡಿಗ್ರಿ ಬೇಕು. ವ್ಯಾಕ್ಯೂಮಿನಲ್ಲಿ 100ರ ಆಸುಪಾಸಿನಲ್ಲೇ ಬರುತ್ತದೆ, ಸುಟ್ಟ ವಾಸನೆ ಇಲ್ಲ. ಆಮೇಲೆ ಎಲ್‌ಡಿಎ ಅನ್ನುವ ತೀಕ್ಷ್ಣ ಪ್ರತ್ಯಾಮ್ಲದ ಜೊತೆ ರಿಯಾಕ್ಷನ್. ಓವನ್‌ನಿಂದ ತೆಗೆದ ಫ್ಲಾಸ್ಕನ್ನು ವ್ಯಾಕ್ಯೂಮಿನಲ್ಲೇ ಹೀಟ್ ಗನ್‌ನಿಂದ ಕಾಸಿ, ಆರ್ಗಾನ್ ತುಂಬಿ, ಆರಿದ ಮೇಲೆ ಡ್ರೈ ಐಸ್ ಮತ್ತು ಅಸಿಟೋನ್ ಇರುವ ತೊಟ್ಟಿಗೆ ಇಳಿಸುತ್ತೇವೆ, ಅಂದರೆ ಮೈನಸ್ 78 ಡಿಗ್ರಿ. ಗಾಜಿಗೆ ಇದಕ್ಕಿಂತ ಹಿಂಸೆ ಬೇಡ. ಆ ಮೂರು ಕತ್ತಿನ ಫ್ಲಾಸ್ಕ್ ಇವತ್ತಿಗೂ ಇದೇ ಕೆಲಸ ಮಾಡುತ್ತಿದೆ.

ಎರಡನೇ ಆರ್ಡರ್ ರಿಪೇರಿಯಲ್ಲ, ಹೊಸ ಕೆಲಸ. ಇದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು. ಪ್ರತಿ ಹಂತದಲ್ಲೂ ಸಿಗಬೇಕಾದ್ದರಲ್ಲಿ 80 ಪರ್ಸೆಂಟ್ ಸಿಕ್ಕರೆ ವಿದ್ಯಾರ್ಥಿಗಳು ಖುಷಿಯಾಗುತ್ತಾರೆ. 30 ಹಂತ ಆದ ಮೇಲೆ ಉಳಿಯುವುದು ನೂರಕ್ಕೆ 0.12. ನೂರು ಗ್ರಾಂನಿಂದ ಹೊರಟವರ ಕೈಯಲ್ಲಿ ಕೊನೆಗೆ ಸುಮಾರು 120 ಮಿಲಿಗ್ರಾಂ, ಅದೂ ಅಣುವಿನ ತೂಕ ಬದಲಾಗಲಿಲ್ಲ, ಏನೂ ಚೆಲ್ಲಲಿಲ್ಲ ಅಂದುಕೊಂಡರೆ. ಒಬ್ಬ ವಿದ್ಯಾರ್ಥಿಯ ಮೂರು ವರ್ಷ ಒಂದು ಚಿಟಿಕೆಯಷ್ಟು ಪುಡಿಯಲ್ಲಿ ಇರುತ್ತದೆ. ಅದನ್ನು ದೊಡ್ಡ ಸೆಟಪ್‌ನಲ್ಲಿ ಬಟ್ಟಿ ಇಳಿಸಿದರೆ ಗಾಜಿನ ಗೋಡೆಗೆ ಮೆತ್ತಿಕೊಂಡೇ ಮುಗಿದುಹೋಗುತ್ತದೆ. ಬಟ್ಟಿ ಇಳಿಸುವ ಫ್ಲಾಸ್ಕಿನ ಮೇಲೆ ಕೂರಿಸುವ ಪುಟ್ಟ ಶಾರ್ಟ್ ಪಾತ್ ಹೆಡ್ ಬೇಕಿತ್ತು: ಬಿ10 ಜಾಯಿಂಟ್, ಆವಿ ಓಡಾಡುವ ದಾರಿ ಬೆರಳಿನ ಉದ್ದವೂ ಇರಬಾರದು. ಕ್ಯಾಟಲಾಗಿನಲ್ಲಿ ಸಿಕ್ಕಿದ್ದೆಲ್ಲ ನಮ್ಮ ಕೆಲಸಕ್ಕೆ ದೊಡ್ಡದೇ.

ಯಜಮಾನ್ರು ನನ್ನ ಚಿತ್ರ ನೋಡಿ ಸೀಸದ ಕಡ್ಡಿಯಲ್ಲಿ ತಿದ್ದಿದರು. ಒಳಗಿನ ಬಾಗು ಇನ್ನಷ್ಟು ಇಳಿಜಾರು ಇರಬೇಕು, ಇಲ್ಲದಿದ್ದರೆ ಹನಿ ಅಲ್ಲೇ ನಿಲ್ಲುತ್ತದೆ ಅಂದರು. ಥರ್ಮಾಮೀಟರ್ ಬಾಯಿಯನ್ನು ಎರಡು ಮಿಲಿಮೀಟರ್ ಕೆಳಗಿಳಿಸಿದರು. ಹನಿ ನಿಲ್ಲುವ ಜಾಗವನ್ನು ಬೆಂಕಿ ಹಚ್ಚುವ ಮೊದಲೇ ಕಾಗದದಲ್ಲಿ ಗುರುತಿಸುವವರು ಕೆಮಿಸ್ಟ್‌ಗಳಲ್ಲೂ ಕಡಿಮೆ.

ಅವತ್ತೇ ಒಂದು ಪ್ರಶ್ನೆಯನ್ನೂ ಕೇಳಿದರು. 'ಗಿಡದಲ್ಲೇ ಸಿಗ್ತದಲ್ಲ ಮೇಡಮ್ನೋರೆ, ನೀವ್ಯಾಕೆ ಇಷ್ಟು ಒದ್ದಾಡ್ತೀರಿ?' ಪ್ರತಿ ಇಂಟರ್‌ವ್ಯೂನಲ್ಲೂ ಇದೇ ಪ್ರಶ್ನೆ, ಇನ್ನೂ ಚೆನ್ನಾಗಿರುವ ಇಂಗ್ಲಿಷಿನಲ್ಲಿ. ಸುಳ್ಳು ಹೇಳಲಿಲ್ಲ. ಟ್ಯಾಕ್ಸಾಲ್ ಅನ್ನುವ ಕ್ಯಾನ್ಸರ್ ಮದ್ದನ್ನು 1994ರಲ್ಲಿ ಹೋಲ್ಟನ್ ಮತ್ತು ನಿಕೊಲಾವ್ ಅವರ ತಂಡಗಳು ಮೊದಲಿಂದ ಕಟ್ಟಿದವು, ಜಗತ್ತೇ ಚಪ್ಪಾಳೆ ಹೊಡೆಯಿತು. ಆದರೆ ರೋಗಿಗಳಿಗೆ ಮದ್ದು ಹೋಗಿದ್ದು ಆ ದಾರಿಯಲ್ಲಲ್ಲ. ಯೂ ಮರದ ಎಲೆಯಿಂದ ಮುಕ್ಕಾಲು ಭಾಗ ತಯಾರಾದ ಅಣುವನ್ನು ತೆಗೆದು, ಉಳಿದದ್ದನ್ನು ಲ್ಯಾಬಿನಲ್ಲಿ ಸೇರಿಸಿದ ದಾರಿಯಲ್ಲಿ. ಇನ್ನೊಂದು ಕಡೆ ಎರಿಬ್ಯುಲಿನ್ ಇದೆ. ಸಮುದ್ರದ ಸ್ಪಂಜಿನಲ್ಲಿ ಸಿಕ್ಕ ಹಾಲಿಕಾಂಡ್ರಿನ್ ಬಿ ಅನ್ನುವ ಅಣುವನ್ನು ಕಿಶಿ ಅವರ ತಂಡ 1992ರಲ್ಲಿ ಕಟ್ಟಿತು. ಆ ಕೆಲಸದಿಂದಲೇ ಅದರ ಅರ್ಧ ಭಾಗದಂಥ ಎರಿಬ್ಯುಲಿನ್ ಹುಟ್ಟಿತು, 2010ರಲ್ಲಿ ಅಮೆರಿಕದಲ್ಲಿ ಮದ್ದಾಗಿ ಒಪ್ಪಿಗೆ ಪಡೆಯಿತು. ಅದನ್ನು ಫ್ಯಾಕ್ಟರಿಯಲ್ಲೂ ಪೂರ್ತಿ ಸಿಂಥೆಸಿಸ್ ಮಾಡಿಯೇ ತಯಾರಿಸುತ್ತಾರೆ, 60ಕ್ಕೂ ಹೆಚ್ಚು ಹಂತ. ಮದ್ದಿಗೆ ಬೇಕಾಗುವಷ್ಟು ಸ್ಪಂಜು ಸಮುದ್ರದಲ್ಲಿ ಸಿಗುವುದಿಲ್ಲ.

ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಇಷ್ಟೇ: 'ಅರವತ್ತು ಹಂತಕ್ಕೆ ಎಷ್ಟು ಫ್ಲಾಸ್ಕ್ ಒಡೆದ್ರೋ?'

ಆಮೇಲೆ ನಮ್ಮ ಶ್ಲೆಂಕ್ ಲೈನ್. ಉದ್ದನೆಯ ಎರಡು ಗಾಜಿನ ಕೊಳವೆ, ಒಂದರಲ್ಲಿ ವ್ಯಾಕ್ಯೂಮ್, ಇನ್ನೊಂದರಲ್ಲಿ ಆರ್ಗಾನ್, ನಡುವೆ ನಲ್ಲಿಗಳು. ಒಂದು ನಲ್ಲಿಯ ಬುಡದಲ್ಲಿ ಸೋರಿಕೆ, ಎಲ್ಲಿ ಅಂತ ಕಣ್ಣಿಗೆ ಕಾಣುತ್ತಿರಲಿಲ್ಲ. ಇದನ್ನು ಉಡಾಫೆ ಮಾಡುವ ಹಾಗಿಲ್ಲ. ಪಂಪಿನ ಮುಂದೆ, ಆವಿ ಪಂಪಿಗೆ ಹೋಗದಂತೆ ತಣಿಸಿ ಹಿಡಿಯುವ ದ್ರವ ಸಾರಜನಕದ ಟ್ರ್ಯಾಪ್ ಇರುತ್ತದೆ, ಮೈನಸ್ 196 ಡಿಗ್ರಿ. ಆಮ್ಲಜನಕ ಮೈನಸ್ 183ಕ್ಕೇ ದ್ರವವಾಗುತ್ತದೆ. ಸೋರಿಕೆಯಿಂದ ಗಾಳಿ ನುಗ್ಗುತ್ತಿದ್ದರೆ ಟ್ರ್ಯಾಪಿನಲ್ಲಿ ತಿಳಿ ನೀಲಿ ದ್ರವ ಆಮ್ಲಜನಕ ಸೇರುತ್ತದೆ, ಜೊತೆಗೆ ಸಾಲ್ವೆಂಟೂ ಇದ್ದರೆ ಅದು ಬಾಂಬೇ. ಅಕ್ಕನ ಮಗ ಲೈನಿಗೆ ಪಂಪ್ ಹಚ್ಚಿ, ಕಿಡಿ ಹಾರಿಸುವ ಟೆಸ್ಲಾ ಕಾಯಿಲ್ ಹಿಡಿದು ಕೊಳವೆಯ ಉದ್ದಕ್ಕೂ ಓಡಿಸಿದ. ನೇರಳೆ ಕಿಡಿ ಮೈಮೇಲೆಲ್ಲ ಚದುರಾಡುತ್ತಾ ಬಂದು ಒಂದು ಕಡೆ ಸೂಜಿಯ ಹಾಗೆ ಒಂದೇ ಚುಕ್ಕೆಗೆ ನುಗ್ಗಿತು. ಅಲ್ಲೇ ತೂತು. ಮಾರ್ಕರಿನಲ್ಲಿ ಸುತ್ತು ಹಾಕಿದ. ಹುಡುಗನ ಕೈ ಯಜಮಾನ್ರಷ್ಟೇ ಸ್ಥಿರ, ಬೆಸುಗೆ ಮಾತ್ರ ಇನ್ನೂ ಸ್ವಲ್ಪ ದಪ್ಪ.

ಒಂದು ವಿಷಯಕ್ಕೆ ಯಜಮಾನ್ರಿಗೆ ನಿಜಕ್ಕೂ ಕೋಪ ಬರುತ್ತದೆ: ಗ್ರೀಸ್. ನಾನಿದ್ದಾಗಲೇ ಯಾವುದೋ ಕಂಪನಿಯ ಹುಡುಗ ಜಾಯಿಂಟಿಗೆ ಸಿಲಿಕೋನ್ ಗ್ರೀಸ್ ಮೆತ್ತಿದ ಹಾಗೇ ತಂದಿದ್ದ. 'ಇದ್ಕೆ ಬೆಂಕಿ ಇಕ್ಕಿದ್ರೆ ಬೆಳ್ಳಗೆ ಕೂತ್ಕತದೆ ಕಣಪ್ಪ, ಆಮ್ಯಾಕೆ ದೇವ್ರು ಬಂದ್ರೂ ಹೋಗಕ್ಕಿಲ್ಲ. ತೊಳ್ಕಂಡ್ ಬಾ ಹೋಗು.' ಮಾತು ಒರಟು, ಆದರೆ ಸರಿ. ಸಿಲಿಕೋನ್ ಸುಟ್ಟರೆ ಸಿಲಿಕಾ ಆಗಿ ಗಾಜಿನ ಮೇಲೇ ಕೂರುತ್ತದೆ. ಹೆಕ್ಸೇನ್‌ನಲ್ಲಿ ಚೆನ್ನಾಗಿ ಒರೆಸಿ, ಸೋಪು ನೀರಲ್ಲಿ ತೊಳೆದು, ಒಣಗಿಸಿ ಕೊಂಡೊಯ್ಯಿರಿ. ಒಳಗೆ ಸಾಲ್ವೆಂಟಿನ ವಾಸನೆ ಇದ್ದರೆ ಮುಟ್ಟುವುದೇ ಇಲ್ಲ. ಒಳಗೆ ಮೊದಲು ಏನಿತ್ತು ಅಂತ ಚೀಟಿ ಬರೆದು ಅಂಟಿಸಿದರೆ ಅವರಿಗೆ ಖುಷಿ.

ದರ ನನಗೆ ನ್ಯಾಯ ಅನ್ನಿಸಿತು. ಬಿ24 ಜಾಯಿಂಟ್ ಬದಲಿಸಲು 300 ರೂಪಾಯಿ, ಸ್ಟಾರ್ ಕ್ರ್ಯಾಕ್‌ಗೆ 200. ಶಾರ್ಟ್ ಪಾತ್ ಹೆಡ್‌ಗೆ 1,400 ಕೊಟ್ಟೆ. ಚೌಕಾಸಿ ಮಾಡಲು ಹೋಗಬೇಡಿ, ಕೆಲಸ ಕ್ಯೂನಲ್ಲಿ ಹಿಂದಕ್ಕೆ ಹೋಗುತ್ತದೆ. ಬಿಲ್ ಕೈಬರಹದ್ದು, ನಮ್ಮ ಕಾಲೇಜಿನ ಅಕೌಂಟ್ಸ್‌ನವರು ಅದನ್ನು ನೋಡಿ ಮುಖ ಸಿಂಡರಿಸುತ್ತಾರೆ. ಇಷ್ಟು ಮೊತ್ತಕ್ಕೆ ನಾನೇ ಕೈಯಿಂದ ಕೊಟ್ಟು ಸುಮ್ಮನಾಗುತ್ತೇನೆ. ದೊಡ್ಡ ಕೆಲಸ ಮಾಡಿಸುವವರು ಬಿಲ್ಲಿನ ವಿಷಯ ಮೊದಲೇ ಮಾತಾಡಿಕೊಳ್ಳಿ. ತಾರೀಕಿನ ವಿಷಯ ಮಾತಾಡಿ ಉಪಯೋಗವಿಲ್ಲ. ಪ್ರಾಜೆಕ್ಟ್ ಸಬ್ಮಿಷನ್ ಹತ್ತಿರವಿದ್ದರೆ ಇಲ್ಲಿ ಕೊಡಲೇಬೇಡಿ, ಹೊಸದು ತಗೊಳ್ಳಿ.

ಕ್ವಾರ್ಟ್ಜ್ ಕೆಲಸ ಇಲ್ಲಿ ಆಗುವುದಿಲ್ಲ, ಅದಕ್ಕೆ ಬೇಕಾದ ಬಿಸಿ ಈ ಬರ್ನರ್‌ನಲ್ಲಿ ಬರುವುದಿಲ್ಲ. ಸಿಂಟರ್ಡ್ ಫನಲ್‌ನ (ಒಳಗೆ ಸೋಸುವ ಗಾಜಿನ ಬಿಲ್ಲೆ ಇರುವ ಆಲಿಕೆ) ಕಾಂಡ ಮುರಿದಿದ್ದರೆ ಹಾಕಿಕೊಡುತ್ತಾರೆ, ಬಿಲ್ಲೆಯೇ ಬಿರಿದಿದ್ದರೆ ವಾಪಸ್. ತುದಿ ಒಡೆದ ಎನ್‌ಎಂಆರ್ (ಅಣುವಿನ ರಚನೆ ತಿಳಿಯುವ ಯಂತ್ರ) ಟ್ಯೂಬುಗಳನ್ನು ಸಮ ಕತ್ತರಿಸಿ, ಅಂಚು ನಯ ಮಾಡಿ ಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಗಿಡ್ಡವಾದ ಟ್ಯೂಬನ್ನು ಆಟೋಸ್ಯಾಂಪ್ಲರಿಗೆ (ಟ್ಯೂಬನ್ನು ತಾನಾಗಿ ಯಂತ್ರದೊಳಗೆ ಇಳಿಸುವ ಭಾಗ) ಹಾಕುವ ಮುಂಚೆ ನಿಮ್ಮ ಎನ್‌ಎಂಆರ್ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ. ಭಾನುವಾರ ರಜ. ಮಂಗಳವಾರ ಬೆಳಿಗ್ಗೆ ಹೋದರೆ ಯಜಮಾನ್ರು ಮಾತಿಗೆ ಸಿಗುತ್ತಾರೆ.